ಕೊತ್ತಂಬರಿಯ ಕೆಳಗಿನ ತೋಟೆ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಸಾಮಾನಿನ ಪಟ್ಟಿಯಲ್ಲಿ, ಕೊತ್ತಂಬರಿ ಸೊಪ್ಪಿನ ಕೆಳಗೆ, ಪಾತ್ರೆ ಉಜ್ಜುವ ಸ್ಪಂಜಿನ ಮೇಲೆ, ರೈಫಲ್ಲಿನ ತೋಟೆಯೊಂದರ ಹೆಸರಿತ್ತು. "ತರ್ಟಿ ನಾಟ್ ಸಿಕ್ಸ್ ಈಗಲೂ ತಗೊಳ್ಳಬಹುದಾ? ವಿಚಾರಿಸುವುದು" ಎಂದು ನನ್ನ ಹೆಂಡತಿ ಹಿಲ್ಡಾಳ ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಕೈಯಲ್ಲಿ ಬಾಟಲಿ ಹಿಡಿದು ತಣ್ಣೀರು ಕುಡಿಯುತ್ತಿದ್ದವನಿಗೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದ ಮೇಲೆ ಮತ್ತೊಮ್ಮೆ ಓದಿದೆ. ತೋಟೆ ಅಲ್ಲೇ ಇತ್ತು. ಅದರ ಕೆಳಗೆ ಸ್ಪಂಜು ಎರಡು ಬೇಕೆಂದೂ ಇತ್ತು.

ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇನೆ. ಬೆಚ್ಚಿಬೀಳುವುದರಲ್ಲಿ ನಾನು ನಿಪುಣ. ಲಿಫ್ಟು ಜಗ್ಗಿ ನಿಂತರೆ ಬೆಚ್ಚುತ್ತೇನೆ, ಬ್ಯಾಂಕಿನಿಂದ ಬಂದ ಶುಭಾಶಯದ ಮೆಸೇಜಿಗೂ ಬೆಚ್ಚುತ್ತೇನೆ. ಆದರೆ ಬೆಚ್ಚಿದ್ದು ಹೊರಗೆ ಕಾಣದಂತೆ ಒಂದು ವಿವರಣೆಯನ್ನು ಬೇಗ ಹುಡುಕಿಕೊಳ್ಳುವ ಜಾಣತನವೂ ನನಗಿದೆ. ಆ ದಿನವೂ ಬಾಟಲಿಯ ಮುಚ್ಚಳ ತಿರುಗಿಸುವಷ್ಟರಲ್ಲಿ ವಿವರಣೆ ಸಿಕ್ಕಿತು. ಇದು ವಾಲ್ಟರನ ಕೆಲಸ.

ವಾಲ್ಟರ್ ಎಂದರೆ ಹಿಲ್ಡಾಳ ತಮ್ಮ. ಮೈಸೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಗಲ್ಫಿನಲ್ಲಿ ನೆಂಟರಿರುವ ಪ್ರತಿಯೊಬ್ಬನಿಗೂ ಒಂದು ಗಟ್ಟಿ ನಂಬಿಕೆ ಇರುತ್ತದೆ, ಜಗತ್ತಿನ ಯಾವುದೇ ವಸ್ತುವಿನ ಯೋಗ್ಯತೆಯನ್ನು ದುಬೈಯಲ್ಲಿ ವಿಚಾರಿಸಬೇಕು ಎಂದು. ಕೊಳ್ಳಬೇಕೆಂದೇನೂ ಇಲ್ಲ, ವಿಚಾರಿಸಿದರೆ ಸಾಕು. ಇಪ್ಪತ್ತಾರು ವರ್ಷಗಳಲ್ಲಿ ನಾನು ನೆಂಟರಿಷ್ಟರಿಗಾಗಿ ತೆಂಗಿನಕಾಯಿ ಸುಲಿಯುವ ಯಂತ್ರ, ಇಗರ್ಜಿಯ ಗಂಟೆ, ಹಲ್ಲಿನ ಸೆಟ್ಟು, ಕುದುರೆಯ ಜೀನು ಎಲ್ಲವನ್ನೂ ವಿಚಾರಿಸಿದ್ದೇನೆ. ಜೀನು ಕೇಳಿದವರಿಗೆ ಕುದುರೆ ಇರಲಿಲ್ಲ. ಆದ್ದರಿಂದ ಊರಿನಿಂದ ಒಂದು ತೋಟೆಯ ವಿಚಾರಣೆ ಬಂದದ್ದರಲ್ಲಿ ನನಗೆ ಅಸಂಗತವೇನೂ ಕಾಣಲಿಲ್ಲ. ಮಾವ, ಅಂದರೆ ಹಿಲ್ಡಾಳ ಅಪ್ಪ, ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಕೊಡಗಿನ ಸಿದ್ದಾಪುರದ ಹತ್ತಿರ ಅವರದ್ದು ಆರು ಎಕರೆ ಕಾಫಿ. ಅವರ ಬಳಿ ಲೈಸೆನ್ಸಿನ ರೈಫಲ್ಲೊಂದು ಇತ್ತು, ಲೈಸೆನ್ಸು ಅವರ ಹೆಸರಿನಲ್ಲಿದ್ದರಿಂದ ಅದೀಗ ಪೊಲೀಸ್ ಠಾಣೆಯಲ್ಲಿ ಕೂತಿದೆ ಎಂಬುದು ನನಗೆ ಗೊತ್ತಿತ್ತು. ಮಗ ಅದನ್ನು ಬಿಡಿಸಿಕೊಂಡು ತೋಟೆ ಹುಡುಕುತ್ತಿದ್ದಾನೆ ಎಂದುಕೊಂಡೆ.

ಇನ್ನು ಈ ವಿಷಯದಲ್ಲಿ ನಾನು ತೀರಾ ಅಜ್ಞಾನಿಯೂ ಅಲ್ಲ. ದುಬೈಯ ಜೆಬೆಲ್ ಅಲಿ ಬಂದರಿನ ಒಂದು ಸಾಗಣೆ ಕಂಪನಿಯಲ್ಲಿ ಅಪಾಯಕಾರಿ ಸರಕುಗಳ ಕಾಗದಪತ್ರ ನೋಡುವುದು ನನ್ನ ಉದ್ಯೋಗ. ಪೇಂಟು, ಬ್ಯಾಟರಿ, ಸೆಂಟು, ಆ್ಯಸಿಡ್ಡು, ಯಾವುದಕ್ಕೆ ಯಾವ ಬಣ್ಣದ ಚೀಟಿ ಅಂಟಿಸಬೇಕೆಂದು ನನ್ನನ್ನು ಕೇಳದೆ ಒಂದು ಡಬ್ಬವೂ ಹಡಗು ಹತ್ತುವುದಿಲ್ಲ. ಅಪಾಯಗಳನ್ನೆಲ್ಲ ನಾನು ಬಲ್ಲೆ, ಕಾಗದದ ಮೇಲೆ. ಜನ 'ಗುಂಡು' ಎಂದು ಸಲೀಸಾಗಿ ಹೇಳುವುದನ್ನು ಕೇಳಿದರೆ ನನಗೆ ಈಗಲೂ ಕಿರಿಕಿರಿ. ಗುಂಡು ಎಂದರೆ ಹಾರಿಹೋಗುವ ತುದಿ ಮಾತ್ರ. ಹಿತ್ತಾಳೆಯ ಚಿಪ್ಪು, ಅದರೊಳಗಿನ ಮದ್ದು, ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ತುದಿಯ ಗುಂಡು, ಇಷ್ಟೂ ಸೇರಿದರೆ ತೋಟೆ. ಈ ಭಾಷಣವನ್ನು ನಾನು ಹಿಲ್ಡಾಳಿಗೆ ಕನಿಷ್ಠ ನಾಲ್ಕು ಸಲ ಮಾಡಿದ್ದೇನೆ. ಅವಳು ನಾಲ್ಕು ಸಲವೂ ಬಟಾಣಿ ಸುಲಿಯುತ್ತ ಕೇಳಿದ್ದಾಳೆ.

ಆದ್ದರಿಂದ ತಯಾರಿ ಮಾಡಿಕೊಂಡೆ. ಎರಡು ದಿನ ಕಂಪನಿಯ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಓದಿದೆ. ತರ್ಟಿ ಎಂದರೆ ಗುಂಡಿನ ಅಗಲ, ಇಂಚಿನ ನೂರರಲ್ಲಿ ಮೂವತ್ತು ಪಾಲು. ನಾಟ್ ಸಿಕ್ಸ್ ಎಂದರೆ ಅದು ಬಳಕೆಗೆ ಬಂದ ವರ್ಷ, ಸಾವಿರದ ಒಂಬೈನೂರ ಆರು. ಇಷ್ಟು ಓದಿ ನಾನು ದಂಗಾದೆ. ನಾನಿರುವ ನಗರದಲ್ಲಿ ಮೂರು ವರ್ಷದ ಫೋನನ್ನು ಜನ ಕರುಣೆಯಿಂದ ನೋಡುತ್ತಾರೆ. ನಾನು ಬಂದ ಹೊಸದರಲ್ಲಿ ಕಟ್ಟುತ್ತಿದ್ದ ಹೋಟೆಲೊಂದನ್ನು ನನ್ನ ಕಣ್ಣೆದುರೇ ಹಳೆಯದಾಯಿತೆಂದು ಕೆಡವಿದರು. ಇಂಥಲ್ಲಿ ಕೂತು, ನೂರು ವರ್ಷ ದಾಟಿದ ಒಂದು ತೋಟೆ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ, ಅಳತೆಯಲ್ಲಿ ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ ಎಂದರೆ ನಂಬುವುದು ಹೇಗೆ? ಹಾಗೆಂದು ನಾವೆಲ್ಲ ಹೊಸತಿಗೇ ಮಾರುಹೋದವರು ಎನ್ನುವಂತೆಯೂ ಇಲ್ಲ. ಅಲ್ ಕುಸೈಸಿನ ನಮ್ಮ ಫ್ಲಾಟಿನಲ್ಲಿ ಎರಡು ವ್ಯಾಕ್ಯೂಮ್ ಕ್ಲೀನರುಗಳಿವೆ. ಕಸ ಗುಡಿಸುವುದು ಮಾತ್ರ ಊರಿನಿಂದ ತಂದ ಕಡ್ಡಿಪೊರಕೆಯಲ್ಲಿ. ಅದನ್ನು ಬದಲಾಯಿಸೋಣ ಎಂದು ಯಾರೂ ಇದುವರೆಗೆ ಸೂಚಿಸಿಲ್ಲ.

ಅಬುಧಾಬಿಯಲ್ಲಿ ವರ್ಷಕ್ಕೊಮ್ಮೆ ಬೇಟೆ ಮತ್ತು ಕುದುರೆ ಸವಾರಿಯ ದೊಡ್ಡ ಪ್ರದರ್ಶನ ನಡೆಯುತ್ತದೆ. ಅಲ್ಲೇ ವಿಚಾರಿಸೋಣವೆಂದು ಶನಿವಾರ ಬೆಳಿಗ್ಗೆ ಹೊರಟೆವು. ಹಿಲ್ಡಾ ಆಸ್ಪತ್ರೆಯಲ್ಲಿ ಹೆಡ್ ನರ್ಸು, ಅವಳಿಗೆ ಶನಿವಾರ ರಜೆ ಸಿಗುವುದು ಅಪರೂಪ. ಆ ರಜೆಯನ್ನು ತಮ್ಮನ ತೋಟೆಗಾಗಿ ಹಾಳುಮಾಡುತ್ತಿದ್ದಾಳಲ್ಲ ಎಂದು ದಾರಿಯುದ್ದಕ್ಕೂ ಮರುಗಿದೆ. ಹಿಂದಿನ ಸೀಟಿನಲ್ಲಿ ಮಗಳು ರಿಯಾ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದಳು. ಯೂನಿವರ್ಸಿಟಿಗೆ ಹೋಗುವ ಹುಡುಗಿ ಅಪ್ಪ ಅಮ್ಮನ ಜೊತೆ ಕೋವಿ ನೋಡಲು ತಾನಾಗಿಯೇ ಹೊರಟಾಗಲಾದರೂ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ.

ಒಳಗೆ ಹೋದ ಮೇಲೆ ಒಂದರ ಮೇಲೊಂದು ಆಘಾತ. ಗಿಡುಗಗಳು ತಲೆಗೆ ಚರ್ಮದ ಟೊಪ್ಪಿ ಹಾಕಿಸಿಕೊಂಡು ಸಾಲಾಗಿ ಕೂತಿದ್ದವು, ಅವಕ್ಕೆ ಪಾಸ್‌ಪೋರ್ಟ್ ಬೇರೆ ಇದೆಯಂತೆ. ಮಗುವಿನ ಗಾಡಿ ತಳ್ಳಿಕೊಂಡು ಬಂದ ತಾಯಂದಿರು ಬಿಸ್ಕೆಟ್ ಆರಿಸುವಷ್ಟೇ ನಿರಾಳವಾಗಿ ರೈಫಲ್ಲುಗಳನ್ನು ಎತ್ತಿ ನೋಡುತ್ತಿದ್ದರು. ಅಜ್ಜನೊಬ್ಬ ದುರ್ಬೀನಿನಲ್ಲಿ ನನ್ನನ್ನೇ ನೋಡುತ್ತಿದ್ದ. ನಾನು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡೆ, ಜೇಬಿಗೆ ಕೈ ಹಾಕಿದರೆ ಯಾರಾದರೂ ತಪ್ಪು ತಿಳಿದಾರೆಂದು ಹೊರತೆಗೆದೆ.

ತೋಟೆಗಳ ಮಳಿಗೆಯಲ್ಲಿ ನಿಂತಿದ್ದವಳು ಅಬಾಯಾದ ಕಪ್ಪು ನಿಲುವಂಗಿ ತೊಟ್ಟ, ಇಲ್ಲಿಯವಳೇ ಆದ ಒಬ್ಬ ಎಮಿರಾತಿ ಹುಡುಗಿ, ಹೆಚ್ಚೆಂದರೆ ರಿಯಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಟಲು ಸರಿಮಾಡಿಕೊಂಡು ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ, ನನ್ನ ಭಾವಮೈದುನನೊಬ್ಬ ಭಾರತದಲ್ಲಿದ್ದಾನೆ, ಅವನಿಗೆ ಒಂದು ಸಲಹೆ ಬೇಕು ಎಂದು. ಮಾರಾಟ ಈ ದೇಶದ ನಾಗರಿಕರಿಗೆ ಮಾತ್ರ, ಸಲಹೆ ಎಲ್ಲರಿಗೂ ಎಂದು ಅವಳು ನಕ್ಕಳು. ಆಮೇಲೆ ಅರಳು ಹುರಿದಂತೆ ಮಾತನಾಡಿದಳು. ಈಗ ಎಲ್ಲರೂ ಕೇಳುವುದು ಆರೂವರೆ ಮಿಲಿಮೀಟರಿನ ಹೊಸ ತೋಟೆ. ಗಾಳಿಗೆ ಅಷ್ಟು ಸುಲಭವಾಗಿ ವಾಲುವುದಿಲ್ಲ. ಹಿಂದಕ್ಕೆ ಒದೆಯುವುದೂ ಕಡಿಮೆ. ಹಳೆಯದು ಹೆಗಲಿಗೆ ಚೆನ್ನಾಗಿ ಒದೆಯುತ್ತದೆ. "ಇವತ್ತು ಹೊಸದಾಗಿ ರೈಫಲ್ ಕೊಳ್ಳುವವರಾದರೆ ನಾನು ಆರೂವರೆ ಅನ್ನುತ್ತೇನೆ. ತರ್ಟಿ ನಾಟ್ ಸಿಕ್ಸ್? ಖಲಾಸ್, ಅದು ಅಜ್ಜಂದಿರ ತೋಟೆ" ಎಂದಳು.

ಉತ್ತರ ಸಿಕ್ಕಿತು, ಇನ್ನು ಊಟಕ್ಕೆ ಹೋಗಬಹುದು ಎಂದು ನಾನು ತಿರುಗುವಷ್ಟರಲ್ಲಿ ಹಿಲ್ಡಾ ಮುಂದೆ ಬಂದಳು. "ನೋಡಬಹುದಾ?" ಎಂದು ಕೇಳಿ ಸ್ಟ್ಯಾಂಡಿನ ಮೇಲಿದ್ದ ರೈಫಲ್ಲನ್ನು ಎತ್ತಿಕೊಂಡಳು. ಮೂತಿಯನ್ನು ಮೇಲಕ್ಕೆ ಮಾಡಿದಳು. ಬೆರಳು ಟ್ರಿಗರಿನಿಂದ ದೂರ ಇತ್ತು. ಬೋಲ್ಟನ್ನು ಖಟಕ್ಕೆಂದು ಎಳೆದು, ಒಳಗೆ ಖಾಲಿ ಇದೆಯೇ ಎಂದು ಕಣ್ಣಿನಲ್ಲಿ ನೋಡಿ, ಸಾಲದೆಂದು ಕಿರುಬೆರಳು ಹಾಕಿಯೂ ನೋಡಿದಳು. ಆಮೇಲೆ ಹೆಗಲಿಗೇರಿಸಿ ದೂರದ ಛಾವಣಿಯ ಮೂಲೆಯೊಂದಕ್ಕೆ ಗುರಿ ಹಿಡಿದಳು. ಇಪ್ಪತ್ತೇಳು ವರ್ಷ ನನ್ನ ಜೊತೆ ಸಂಸಾರ ಮಾಡಿದ, ಜಿರಲೆ ಕಂಡರೆ ನನ್ನನ್ನು ಕರೆಯುವ, ಪಾರ್ಕಿಂಗಿನಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ನಾನು ಕೆಳಗಿಳಿದು ಕೈ ತೋರಿಸಬೇಕೆನ್ನುವ ಹೆಂಗಸು ಇವಳು. ನನ್ನ ಬಾಯಿ ತೆರೆದುಕೊಂಡೇ ಇತ್ತು ಎಂದು ರಿಯಾ ಆಮೇಲೆ ಹೇಳಿದಳು, ಅದರ ಫೋಟೋ ಕೂಡ ಅವಳ ಬಳಿ ಇದೆ.

"ಹನ್ನೆರಡನೇ ವರ್ಷಕ್ಕೆ ಅಪ್ಪ ಕಲಿಸಿದ್ದು" ಎಂದಳು ಹಿಲ್ಡಾ, ನನಗಲ್ಲ, ಆ ಹುಡುಗಿಗೆ. "ಮೊದಲ ದಿನ ಹೆಗಲು ಕಪ್ಪಾಗಿತ್ತು. ಎರಡನೇ ದಿನ ಒತ್ತಿ ಹಿಡಿಯಲು ಕಲಿತೆ. ಒದೆಯುವುದು ಸಡಿಲ ಹಿಡಿದವರಿಗೆ."

ಆಮೇಲೆ ಅವರಿಬ್ಬರ ನಡುವೆ ನಡೆದ ವಿಚಾರ ವಿನಿಮಯದಲ್ಲಿ ನನಗೆ ಜಾಗವಿರಲಿಲ್ಲ. ಹೊಸದು ಒಳ್ಳೆಯದೇ ಇರಬಹುದು, ಆದರೆ ನಮ್ಮ ಊರಿನ ಹತ್ತಿರದ ಕೋವಿ ಅಂಗಡಿಯಲ್ಲಿ ಅದು ಸಿಗುತ್ತದೆಯೇ ಎಂದಳು ಹಿಲ್ಡಾ. ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ತೋಟೆ ಎಂದು ಬರೆದಿರುತ್ತಾರೆ, ಆ ನಾಲ್ಕು ತೋಟೆಗಾಗಿ ಅಂಗಡಿ ಅಂಗಡಿ ಅಲೆಯಲಾಗುತ್ತದೆಯೇ? ಕಾಡುಹಂದಿಯನ್ನು ಅರ್ಧ ಮೈಲಿ ದೂರದಿಂದ ಹೊಡೆಯುವವರು ಯಾರಿದ್ದಾರೆ? ಹೊಡೆಯುವುದೂ ಬೇಡ, ತೋಟಕ್ಕೆ ನುಗ್ಗಿದಾಗ ಆಕಾಶಕ್ಕೊಂದು ಈಡು ಹಾರಿಸಿದರೆ ಸಾಕು. ಆಕಾಶಕ್ಕೆ ಹಳೆಯದಾದರೇನು, ಹೊಸದಾದರೇನು? ಹುಡುಗಿ ರೈಫಲ್ ಈಗಾಗಲೇ ಇದೆಯೇ ಎಂದು ಕೇಳಿದಳು. ಇದೆ ಎಂದಳು ಹಿಲ್ಡಾ. "ಹಾಗಾದರೆ ಬದಲಾಯಿಸಬೇಡಿ ಮೇಡಂ. ಎಲ್ಲರಲ್ಲೂ ಇರುವ ತೋಟೆಯೇ ಒಳ್ಳೆಯ ತೋಟೆ, ಯಾವ ಹಳ್ಳಿಗೆ ಹೋದರೂ ಸಿಗುತ್ತದೆ" ಎಂದು ಕೈಕುಲುಕಿದಳು. ನನ್ನ ಕೈಯನ್ನೂ ಕುಲುಕಿದಳು, ಸೌಜನ್ಯಕ್ಕೆ.

ವಾಪಸು ಬರುವಾಗ ಅರ್ಧ ದಾರಿಯವರೆಗೆ, ನಾನು ತೋಟೆಯ ಭಾಗಗಳನ್ನು ನಾಲ್ಕು ಸಲ ವಿವರಿಸಿದಾಗ ಇವಳು ಬಟಾಣಿ ಸುಲಿಯುತ್ತ ಏನು ಯೋಚಿಸಿರಬಹುದು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ನಾಚಿಕೆಯಾಯಿತು. ನಾಚಿಕೆ ಮುಚ್ಚಲು ಯಜಮಾನಿಕೆ ತೋರಿಸೋಣವೆಂದು, ವಾಲ್ಟರನಿಗೆ ನಾನೇ ಹೇಳುತ್ತೇನೆ ಎಂದು ಕಾರಿನ ಸ್ಪೀಕರಿನಲ್ಲಿ ಫೋನು ಹಚ್ಚಿದೆ. "ಬೇಡ, ಮನೆಗೆ ಹೋಗಿ ಮಾತಾಡುವ" ಎಂದಳು ಹಿಲ್ಡಾ. ಅಷ್ಟರಲ್ಲಿ ಅವನು ಎತ್ತಿಕೊಂಡಿದ್ದ.

"ವಾಲ್ಟರ್, ನಿನ್ನ ತೋಟೆ ವಿಚಾರಿಸಿದೆ" ಎಂದೆ. "ಹಳೆಯದೇ ಆಗಬಹುದಂತೆ. ಆದರೆ ಒಂದು ಮಾತು, ಇಲ್ಲಿಂದ ತರುವ ಯೋಚನೆ ಮಾತ್ರ ಇಟ್ಟುಕೊಳ್ಳಬೇಡ. ಖಾಲಿ ಚಿಪ್ಪು ಸಿಕ್ಕಿದರೂ ಏರ್‌ಪೋರ್ಟಿನಲ್ಲಿ ಕೂರಿಸುತ್ತಾರೆ."

"ನನ್ನ ಯಾವ ತೋಟೆ ಭಾವ?" ಎಂದ ವಾಲ್ಟರ್. "ಆ ಕೋವಿ ನಂಗೆ ಬೇಡ ಅಂತ ಬರ್ದು ಸೈನ್ ಹಾಕಿ ಕೊಟ್ಟು ಎರಡು ತಿಂಗಳಾಯ್ತಲ್ಲ. ಲೈಸೆನ್ಸು ಅಕ್ಕನ ಹೆಸರಿಗೆ ಮಾಡಿಸುದು ಅಂತ. ಮಾರ್ಚಲ್ಲಿ ಅಕ್ಕ ಊರಿಗೆ ಬಂದ್ರೆ ಡಿಸಿ ಆಫೀಸಿನ ಕೆಲಸ ಮುಗಿಸ್ಬೌದು. ತೋಟದ ಮನೆಗೆ ಪೇಂಟು ಹೊಡಿಸ್ಲಿಕ್ಕೂ ಜನ ನೋಡಿದ್ದೇನೆ... ಅಕ್ಕ ನಿಮ್ಗೆ ಹೇಳಿಲ್ವಾ?"

ನನಗೆ ಮುಂದಿನ ರಸ್ತೆ ಕಾಣಲಿಲ್ಲ ಎಂದರೆ ಅತಿಶಯೋಕ್ತಿ. ಕಾಣುತ್ತಿತ್ತು, ಎಂಟು ಸಾಲಿನ ಹೆದ್ದಾರಿ, ಅದರ ತುಂಬ ಕಾರು. ಆದರೆ ನಾನು ಅದರಲ್ಲಿ ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದು ಮರೆತುಹೋಯಿತು. "ಡ್ಯಾಡಿ, ಯೂ ವರ್ ದ ಲಾಸ್ಟ್ ಟು ನೋ" ಎಂದಳು ಹಿಂದಿನಿಂದ ರಿಯಾ. ಹೆಡ್‌ಫೋನು ಕುತ್ತಿಗೆಗೆ ಇಳಿದಿತ್ತು. ಲೈಸೆನ್ಸಿನ ಅರ್ಜಿಯನ್ನು ಪ್ರಿಂಟ್ ಮಾಡಿಕೊಟ್ಟವಳು ಅವಳೇ ಎಂದು ಆಗ ಗೊತ್ತಾಯಿತು. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದೆ. ಟೀ ತರುತ್ತೇನೆಂದು ರಿಯಾ ಇಳಿದುಹೋದಳು, ಜಾಣೆ.

ನಮ್ಮ ಮನೆಮಾತು ಕೊಂಕಣಿ. ಆದರೆ ಹಿಲ್ಡಾ ಬೆಳೆದದ್ದು ಕೊಡಗಿನಲ್ಲಿ, ಕೋಪ ಬಂದರೆ ಅವಳಿಗೆ ಕನ್ನಡವೇ ಬರುವುದು. ನಾನೂ ಅಭ್ಯಾಸ ಮಾಡಿಕೊಂಡಿದ್ದೇನೆ. ಆದ್ದರಿಂದ ನಮ್ಮ ದೊಡ್ಡ ಮಾತುಗಳೆಲ್ಲ ಕನ್ನಡದಲ್ಲೇ ಆಗಿವೆ.

"ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದೆ.

"ಹೇಳಿದ್ದೇನೆ. ಮೂರು ಸಲ. ಈಸ್ಟರಿನ ದಿನ ಹೇಳಿದೆ, ಮಾರ್ಚಿಗೆ ನನ್ನ ಕಾಂಟ್ರ್ಯಾಕ್ಟ್ ಮುಗೀತದೆ, ಮತ್ತೆ ಸೈನ್ ಹಾಕುದಿಲ್ಲ ಅಂತ. ನೀವು ಹೂಂ ಅಂದ್ರಿ. ಅಪ್ಪನ ವರ್ಷದ ಪೂಜೆಗೆ ಮೊದಲು ಹೇಳಿದೆ. ಹೂಂ ಅಂದ್ರಿ. ಕಡೆಗೆ ಫ್ರಿಜ್ಜಿಗೆ ಅಂಟಿಸಿದೆ. ಸಾಮಾನಿನ ಪಟ್ಟಿಯನ್ನಾದ್ರೂ ನೀವು ಓದ್ತೀರಲ್ಲ ಮಾರಾಯ್ರೆ."

ನಾನು ನೆನಪು ಮಾಡಿಕೊಂಡೆ. ನನ್ನ ಹೂಂ ನನಗೆ ಚೆನ್ನಾಗಿ ಗೊತ್ತು. ಆಫೀಸಿನ ಮೇಲ್ ನೋಡುತ್ತ, ಮುಖ ಎತ್ತದೆ, ಮೂಗಿನಿಂದ ಹೊರಡುವ ಹೂಂ ಅದು. ಅದಕ್ಕೆ ಒಪ್ಪಿಗೆಯೆಂದೂ ಅರ್ಥವಿಲ್ಲ, ನಿರಾಕರಣೆಯೆಂದೂ ಇಲ್ಲ. ಯಾವ ಬಣ್ಣದ ಚೀಟಿಯನ್ನೂ ಅಂಟಿಸದೆ ಇಷ್ಟು ವರ್ಷ ನಾನು ಅದನ್ನು ಮನೆಯೊಳಗೆ ಬಳಸುತ್ತಿದ್ದೆ.

"ನೀನು ಹೋಗಿಯೇ ಹೋಗ್ತೀಯಾ?"

"ಹೋಗ್ತೇನೆ. ಮೂವತ್ತು ವರ್ಷ ಬೇರೆಯವರ ಬೆಡ್‌ಶೀಟ್ ಸರಿ ಮಾಡಿದ್ದಾಯ್ತು. ನಂಗೆ ಬೆಳಿಗ್ಗೆ ಎದ್ದು ನನ್ನದೇ ಗಿಡ ನೋಡ್ಬೇಕು. ವಾಲ್ಟರನಿಗೆ ತೋಟ ಬೇಡ, ಕೋವಿಯೂ ಬೇಡ. ನಂಗೆ ಎರಡೂ ಬೇಕು."

ಹೇಳಬೇಕಾದದ್ದನ್ನು ಹೇಳಿಯೇಬಿಡುತ್ತೇನೆ, ನನಗೆ ಹೆದರಿಕೆಯಾಯಿತು. ಇನ್ನೈದು ವರ್ಷ ಇಲ್ಲೇ ಎಂದು ನಾನು ನನ್ನೊಳಗೆ ನಿಶ್ಚಯಿಸಿಬಿಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ. ಇಲ್ಲಿ ನನಗೆ ಒಂದು ಬೆಲೆಯಿದೆ. ನನ್ನ ಸಹಿ ಇಲ್ಲದೆ ಡಬ್ಬ ಕದಲುವುದಿಲ್ಲ. ಅಲ್ಲಿ ಆರು ಎಕರೆ ಕಾಫಿಯ ನಡುವೆ, ಕಾಫಿ ಗಿಡವನ್ನು ಸರಿಯಾಗಿ ಕತ್ತರಿಸಲೂ ಬಾರದ ನಾನು ಏನಾಗುತ್ತೇನೆ? ಹೆಂಡತಿ ಹೋಗುತ್ತಾಳೆ ಎಂಬುದಕ್ಕಿಂತ, ನಾನು ಬರುತ್ತೇನೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ಅವಳ ಮಾರ್ಚ್ ತಿಂಗಳು ಸಿದ್ಧವಾಗಿದೆ ಎಂಬುದು ನನ್ನನ್ನು ಹೆಚ್ಚು ಕಲಕಿತು. ತೋಟೆಯ ಬಗ್ಗೆ ಕೇಳಿದ ಪ್ರಶ್ನೆ ಬೇರೆಯವರದ್ದಾಗಿದ್ದಾಗ ನಾನು ಎಷ್ಟು ಆರಾಮಾಗಿ ಉತ್ತರ ಹುಡುಕುತ್ತಿದ್ದೆ! ಹಳೆಯದು, ಎಲ್ಲರಲ್ಲೂ ಇರುವಂಥದ್ದು, ಇನ್ನೂ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ನನ್ನ ಬಗ್ಗೆ ಯಾರಾದರೂ ಕೇಳಿಯಾರೆಂದು ಹೊಳೆದಿರಲಿಲ್ಲ. ನನ್ನ ಪರವಾಗಿ ಆ ಮಳಿಗೆಯ ಹುಡುಗಿಯೊಡನೆ ವಾದಿಸುವವರು ಯಾರು?

ಟೀ ಬಂತು. ಕುಡಿದೆವು. ಮನೆಯ ದಾರಿ ಹಿಡಿದೆವು.

ಚಪ್ಪಲಿ ಬಿಟ್ಟವನೇ ಅರ್ಜಿ ತೋರಿಸು ಎಂದೆ. ಕಾಗದಪತ್ರ ನೋಡಿದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ. ಹಿಲ್ಡಾ ಕಪಾಟಿನಿಂದ ಫೈಲು ತಂದು ಊಟದ ಮೇಜಿನ ಮೇಲಿಟ್ಟಳು. ವಾಲ್ಟರನ ಒಪ್ಪಿಗೆ ಪತ್ರ, ಮಾವನ ಹಳೆಯ ಲೈಸೆನ್ಸಿನ ನಕಲು, ಅವಳ ಫೋಟೋ. ಅರ್ಜಿಯ ಪುಟಗಳನ್ನು ನೀಲಿ ಪೆನ್ನಿನಲ್ಲಿ ತುಂಬಿದ್ದಳು. ವೃತ್ತಿಪರ ಕಣ್ಣಿನಿಂದ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ, ಅದೂ ಒಂದು ಆಘಾತವೇ.

ಒಂದು ಕಡೆ ಮಾತ್ರ ಬೆರಳು ನಿಂತಿತು. ಲೈಸೆನ್ಸು ಉಳ್ಳವರ ಪರವಾಗಿ ಆಯುಧವನ್ನು ಹೊತ್ತುಕೊಂಡು ಹೋಗಲು ಸಹಾಯಕರು ಯಾರಾದರೂ ಇದ್ದರೆ ಅವರ ಹೆಸರು ಬರೆಯಬೇಕಾದ ಜಾಗ ಅದು. ಅಲ್ಲಿ ನನ್ನ ಹೆಸರಿತ್ತು, ಎದುರಿಗೆ ಸಂಬಂಧ 'ಗಂಡ' ಎಂದಿತ್ತು. ಎರಡೂ ಪೆನ್ಸಿಲಿನಲ್ಲಿ.

"ಇದೊಂದು ಯಾಕೆ ಪೆನ್ಸಿಲ್ಲು?" ಎಂದೆ.

"ನೀವು ಬರುದಿಲ್ಲ ಅಂದ್ರೆ ಉಜ್ಜಲಿಕ್ಕೆ ಸುಲಭ ಆಗ್ಲಿ ಅಂತ" ಎಂದಳು. ಕೋಪದಲ್ಲಿ ಹೇಳಲಿಲ್ಲ. ಬಹಳ ದಿನ ಯೋಚಿಸಿ ಬರೆದವರ ದಣಿವು ಅದರಲ್ಲಿತ್ತು. "ಎರಡು ತಿಂಗಳಿಂದ ಹಾಗೇ ಇಟ್ಟಿದ್ದೇನೆ."

ಎರಡು ತಿಂಗಳು ನಾನು ಆ ಕಪಾಟಿನ ಮುಂದೆ ದಿನಕ್ಕೆ ಹತ್ತು ಸಲ ಓಡಾಡಿದ್ದೇನೆ. ಆಗ ಏನಾದರೂ ದೊಡ್ಡ ಮಾತು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಅದರ ಭಾರ ಎಷ್ಟಿದೆ?"

"ನಾಲ್ಕು ಕಿಲೋ ಆಗ್ಬೌದು."

"ತೋಟೆ ತುಂಬಿದ್ರೆ?"

"ತೋಟೆ ನನ್ನ ಹತ್ರ ಇರ್ತದೆ. ಅದನ್ನು ನಿಮ್ಮ ಕೈಗೆ ಕೊಡುದಿಲ್ಲ" ಎಂದಳು ಹಿಲ್ಡಾ.

ಅಪಾಯಕಾರಿ ಸರಕುಗಳ ಬಗ್ಗೆ ಇಷ್ಟು ಸರಿಯಾದ ನಿರ್ಧಾರವನ್ನು ನಮ್ಮ ಆಫೀಸಿನಲ್ಲೂ ಯಾರೂ ತೆಗೆದುಕೊಂಡದ್ದು ನಾನು ನೋಡಿಲ್ಲ. ಅವಳಿಂದ ನೀಲಿ ಪೆನ್ನು ಇಸಕೊಂಡೆ. 'ಗಂಡ' ಎಂಬ ಪೆನ್ಸಿಲಿನ ಗೆರೆಯ ಮೇಲೆ ಮೊದಲು ತಿದ್ದಿದೆ, ಹೆಸರು ಆಮೇಲೆ.